ವಾರಕ್ಕೆ ಎರಡು ರಾತ್ರಿಗೋಸ್ಕರ ಆರ್‌ವಿ? ಮನೆ ಫೋಲ್ಸಮ್, ಆಫೀಸ್ ಸನ್ನಿವೇಲ್

ಫೋಲ್ಸಮ್ ವಾಸಿ

ಎಲ್ಲರಿಗೂ ನಮಸ್ಕಾರ. ಕೋವಿಡ್ ಸಮಯದಲ್ಲಿ ಮನೆಯಿಂದಲೇ ಕೆಲಸ ಅಂತ ಕ್ಯಾಲಿಫೋರ್ನಿಯಾದ ಫೋಲ್ಸಮ್‌ನಲ್ಲಿ ಮನೆ ತಗೊಂಡೆವು. ಈಗ ವಾರಕ್ಕೆ ಮೂರು ದಿನ ಬೇ ಏರಿಯಾದ ಸನ್ನಿವೇಲ್ ಆಫೀಸಿಗೆ ಬರಲೇಬೇಕು ಅಂತ ಕೂತಿದ್ದಾರೆ. ಮಕ್ಕಳು ಇಲ್ಲಿನ ಸ್ಕೂಲಿಗೆ ಹೊಂದಿಕೊಂಡಿದ್ದಾರೆ, ವಾಪಸ್ ಬೇ ಏರಿಯಾಕ್ಕೆ ಹೋಗುವ ಮಾತೇ ಇಲ್ಲ. ದಿನಾ ಹೋಗಿ ಬರೋಣ ಅಂದರೆ ಒಂದು ಕಡೆಗೇ 130 ಮೈಲಿ ಮೇಲಾಗುತ್ತದೆ, ಅದರಲ್ಲೂ 680 ಹೆದ್ದಾರಿಯಲ್ಲಿ ಸುನೋಲ್ ಹತ್ತಿರ ಬೆಳಗ್ಗೆ ಸಿಕ್ಕಿಹಾಕಿಕೊಂಡರೆ ಮುಗಿಯಿತು. ಸದ್ಯಕ್ಕೆ ಮಂಗಳವಾರ ಬೆಳಗಿನ ಜಾವ ಹೊರಟು, ಎರಡು ರಾತ್ರಿ ಹೋಟೆಲಿನಲ್ಲಿದ್ದು, ಗುರುವಾರ ಸಂಜೆ ವಾಪಸ್ ಬರುತ್ತಿದ್ದೇನೆ. ಹೋಟೆಲ್ ಬಿಲ್ ನೋಡಿದರೆ ತಲೆ ಬಿಸಿ. ಹೊರಗಿನ ಊಟ ಬೇರೆ ಹೊಟ್ಟೆಗೆ ಆಗಿಬರುತ್ತಿಲ್ಲ.

ಸೆಕೆಂಡ್ ಹ್ಯಾಂಡ್ ಆರ್‌ವಿ, ಅಂದರೆ ಒಳಗೇ ವಾಸ ಮಾಡಬಹುದಾದ ಗಾಡಿ, ಒಂದನ್ನು ತಗೊಂಡರೆ ಹೇಗೆ? ಅದರಲ್ಲೇ ಮಲಗೋದು, ಅದರಲ್ಲೇ ಅನ್ನ ಸಾರು ಮಾಡಿಕೊಳ್ಳೋದು. ಕ್ಯಾಂಪರ್ ವ್ಯಾನ್ ಒಳ್ಳೆಯದಾ, ಕಾರಿನ ಹಿಂದೆ ಎಳೆಯುವ ಸಣ್ಣ ಟ್ರೇಲರ್ ಒಳ್ಳೆಯದಾ? ನನ್ನ ಹತ್ತಿರ ಟೊಯೋಟಾ ಹೈಲ್ಯಾಂಡರ್ ಹೈಬ್ರಿಡ್ ಕಾರಿದೆ. ರಾತ್ರಿ ರಸ್ತೆ ಬದಿಯಲ್ಲೇ ನಿಲ್ಲಿಸಬಹುದಲ್ವಾ, ಎಷ್ಟೊಂದು ಆರ್‌ವಿ ನಿಂತಿರುತ್ತವಲ್ಲ? ಟ್ಯಾಕ್ಸ್‌ನಲ್ಲಿ ಏನಾದರೂ ತೋರಿಸಬಹುದಾ?

ಟ್ರೇಲರ್ ಗೌಡ

ಗುರು, ಗಾಡಿ ಆಮೇಲೆ ನೋಡು. ಮೊದಲು ಜಾಗ ಹುಡುಕು. ಎಲ್ಲರೂ ಇದನ್ನೇ ತಿರುಗಾಮುರುಗಾ ಮಾಡುತ್ತಾರೆ: ಗಾಡಿ ಮನೆ ಮುಂದೆ ಬಂದು ನಿಂತ ಮೇಲೆ ಎಲ್ಲಿ ನಿಲ್ಲಿಸೋದು ಅಂತ ಫೋನ್ ಹಿಡಿದು ಕೂರುತ್ತಾರೆ.

ರಸ್ತೆ ಬದಿಯ ಯೋಚನೆ ಬಿಟ್ಟುಬಿಡು. ಅಲ್ಲಿ ನಿಂತಿರುವವರಲ್ಲಿ ಜಾಸ್ತಿ ಜನ ಬಾಡಿಗೆ ಕಟ್ಟೋಕಾಗದೆ ನಿಂತವರು, ಅವರನ್ನೇ ಊರೂರಿಂದ ಎಬ್ಬಿಸುತ್ತಿದ್ದಾರೆ. ಮೌಂಟನ್ ವ್ಯೂನಲ್ಲಿ 2020ರಲ್ಲಿ ಜನರೇ ವೋಟ್ ಹಾಕಿ 40 ಅಡಿ ಅಥವಾ ಅದಕ್ಕಿಂತ ಕಿರಿದಾದ ರಸ್ತೆಗಳಲ್ಲಿ ದೊಡ್ಡ ಗಾಡಿ ನಿಲ್ಲಿಸದ ಹಾಗೆ ಮಾಡಿದರು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2025ರಲ್ಲಿ ದೊಡ್ಡ ಗಾಡಿಗಳಿಗೆ ಎರಡು ಗಂಟೆ ಮಿತಿ ತಂದರು. ನಿಷೇಧದ ಬೋರ್ಡ್ ಇಲ್ಲದ ಕಡೆಯಲ್ಲೂ 72 ಗಂಟೆ ದಾಟಿದರೆ ಎತ್ತಿಕೊಂಡು ಹೋಗಲು ರಾಜ್ಯದ ಕಾನೂನು ಊರುಗಳಿಗೆ ಅವಕಾಶ ಕೊಟ್ಟಿದೆ. ವಾಲ್‌ಮಾರ್ಟ್ ಬಗ್ಗೆ ಯೂಟ್ಯೂಬ್‌ನಲ್ಲಿ ಹೇಳುವುದನ್ನೂ ನಂಬಬೇಡ. ಒಂದೊಂದು ಅಂಗಡಿಯ ಮ್ಯಾನೇಜರ್ ಒಂದೊಂದು ಥರ, ಮತ್ತೆ ಅದು ದಾರಿಯಲ್ಲಿ ಒಂದು ರಾತ್ರಿ ತಂಗುವವರಿಗೆ, ಪ್ರತಿ ವಾರ ಬಂದು ಬೀಡು ಬಿಡುವವರಿಗಲ್ಲ.

ಇನ್ನು ಟ್ರೇಲರ್. ಹೈಲ್ಯಾಂಡರ್ ಹೈಬ್ರಿಡ್ ಎಳೆಯುವುದು 3,500 ಪೌಂಡ್ ಅಷ್ಟೇ. ಬ್ರೋಶರ್‌ನಲ್ಲಿ ಖಾಲಿ ಟ್ರೇಲರ್ ತೂಕ 2,900 ಅಂತ ಇರುತ್ತದೆ. ಅದಕ್ಕೆ ಬ್ಯಾಟರಿ, ಗ್ಯಾಸ್ ಸಿಲಿಂಡರ್, ನೀರು, ಪಾತ್ರೆ, ಹಾಸಿಗೆ ಸೇರಿಸಿ ನೋಡು, ಎಲ್ಲಿಗೆ ಹೋಗಿ ನಿಲ್ಲುತ್ತದೆ ಅಂತ. ಮೇಲಾಗಿ ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವವರಿಗೆ ಗಂಟೆಗೆ 55 ಮೈಲಿ ವೇಗದ ಮಿತಿ. ಬೆನಿಶಿಯಾ ಸೇತುವೆಯಲ್ಲಿ ಊರಿಗೆ ವಾಪಸ್ ಬರುವಾಗ ಟೋಲ್ ಇದೆ, ಅದನ್ನು ಆಕ್ಸಲ್ ಲೆಕ್ಕದಲ್ಲಿ ಕೀಳುತ್ತಾರೆ. ವಾರ ವಾರ ಎಳೆದುಕೊಂಡು ಓಡಾಡುವುದು ಆಗದ ಹೋಗದ ಕೆಲಸ. ಟ್ರೇಲರ್ ತಗೊಂಡರೆ ಒಂದು ಕಡೆ ತಿಂಗಳ ಬಾಡಿಗೆಗೆ ನಿಲ್ಲಿಸಿಬಿಡಬೇಕು, ನೀನು ಕಾರಿನಲ್ಲಿ ಆರಾಮಾಗಿ ಹೋಗಿ ಬರಬೇಕು.

ಫೋಲ್ಸಮ್ ವಾಸಿ

ಹಾಗಾದರೆ ವ್ಯಾನೇ ವಾಸಿ ಅನ್ನಿ. ಹಗಲು ಆಫೀಸ್ ಪಾರ್ಕಿಂಗ್‌ನಲ್ಲಿರುತ್ತದೆ, ರಾತ್ರಿ ಬೇರೆ ಕಡೆ ಹೋದರಾಯಿತು.

ಸುಮ್ನೆ ಹೇಳ್ದೆ

ಆಫೀಸ್ ಪಾರ್ಕಿಂಗ್ ಬಯಲಿನಲ್ಲಿದೆಯಾ, ಗ್ಯಾರೇಜಾ? ಗ್ಯಾರೇಜ್ ಆದರೆ ಒಳಗೇ ಹೋಗುವುದಿಲ್ಲ. ಎದ್ದು ನಿಲ್ಲುವಷ್ಟು ಎತ್ತರದ ವ್ಯಾನ್‌ಗಳು, ಮೇಲೆ ಎಸಿ ಫ್ಯಾನ್ ಸೇರಿ, 9 ಅಡಿ ದಾಟುತ್ತವೆ. ಗ್ಯಾರೇಜ್ ಬಾಗಿಲಲ್ಲಿ ನೇತಾಡುವ ಹಳದಿ ಪೈಪಿನ ಮೇಲೆ 7 ಅಡಿ ಚಿಲ್ಲರೆ ಅಂತ ಬರೆದಿರುತ್ತದೆ. ಬಯಲಾದರೂ ರಾತ್ರಿ ಮಲಗಬಹುದಾ ಅಂತ ಸೆಕ್ಯುರಿಟಿಯವರನ್ನು ಕೇಳಿ, ಎಚ್‌ಆರ್‌ಗೆ ಇಮೇಲ್ ಹಾಕುವುದಕ್ಕೆ ಮುಂಚೆ. ಬಿಲ್ಡಿಂಗ್ ಎಷ್ಟೋ ಸಲ ಕಂಪನಿಯದ್ದಾಗಿರುವುದಿಲ್ಲ, ಲೀಸ್‌ನಲ್ಲೇ ಬೇಡ ಅಂತ ಇರುತ್ತದೆ.

ನನ್ನ ಕೇಳಿದರೆ ಫ್ರೀಮಾಂಟ್‌ನಲ್ಲಿ ಯಾರದಾದರೂ ಮನೆಯಲ್ಲಿ ವಾರದ ನಡುವಿನ ದಿನಗಳಿಗೆ ರೂಮ್ ಹಿಡಿಯಿರಿ. ನಮ್ಮ ಕಡೆಯವರೇ ಕೊಡುತ್ತಾರೆ, ಅಡುಗೆಮನೆಯೂ ಸಿಗುತ್ತದೆ.

ಮೈಸೂರು ನರ್ಸಮ್ಮ

ನಾನು ಟ್ರಾವೆಲ್ ನರ್ಸ್. 13 ವಾರದ ಕಾಂಟ್ರಾಕ್ಟ್ ಮೇಲೆ ಊರೂರು ಸುತ್ತುತ್ತೇನೆ, ಟ್ರೇಲರೇ ಮನೆ. ಮೇಲೆ ಗೌಡರು ಹೇಳಿದ್ದು ಸರಿ, ಆದರೆ ಜಾಗ ಸಿಗುವುದೇ ಇಲ್ಲ ಅಂತೇನಲ್ಲ. ಫೇರ್‌ಗ್ರೌಂಡ್ಸ್, ಅಂದರೆ ಕೌಂಟಿ ಜಾತ್ರೆ ನಡೆಯುವ ಮೈದಾನಗಳ ಕಡೆ ನೋಡಿ ಸರ್. ಪ್ಲೆಸಂಟನ್‌ನಲ್ಲಿ ಅಲಮೀಡಾ ಕೌಂಟಿ ಫೇರ್‌ಗ್ರೌಂಡ್ಸ್‌ನಲ್ಲಿ ಆರ್‌ವಿ ಪಾರ್ಕ್ ಇದೆ. ಅದರ ಪಕ್ಕದಲ್ಲೇ ಏಸ್ ರೈಲಿನ ಸ್ಟೇಷನ್. ಬೆಳಗ್ಗೆ ರೈಲು ಹತ್ತಿದರೆ ಸಾಂಟಾ ಕ್ಲಾರಾದ ಗ್ರೇಟ್ ಅಮೇರಿಕಾದಲ್ಲಿ ಇಳಿದು, ಅಲ್ಲಿಂದ ಲೈಟ್ ರೈಲೋ ಕಂಪನಿ ಶಟಲ್ಲೋ ಹಿಡಿಯಬಹುದು. ಸುನೋಲ್ ಟ್ರಾಫಿಕ್ಕಿನ ಕಾಟವಿಲ್ಲ. ಆದರೆ ಈ ರೈಲು ಬೆಳಗ್ಗೆ ಸ್ಯಾನ್ ಹೋಸೆ ಕಡೆಗೆ, ಸಂಜೆ ವಾಪಸ್ ಅಷ್ಟೇ. ಕಡೆಯ ರೈಲು ತಪ್ಪಿದರೆ ಊಬರ್ರೇ ಗತಿ. ಬೇಸಿಗೆಯಲ್ಲಿ, ಜೂನ್ ಜುಲೈ ಹೊತ್ತಿಗೆ, ಕೌಂಟಿ ಫೇರ್ ನಡೆಯುತ್ತದೆ. ಆಗ ಜಾಗ ಇರುತ್ತದಾ ಅಂತ ಮೊದಲೇ ಕೇಳಿಕೊಳ್ಳಿ. ತಿಂಗಳ ಬಾಡಿಗೆ ಇದೆಯಾ, ಕರೆಂಟ್ ಮೀಟರ್ ಬೇರೆಯಾ ಅಂತಲೂ ಕೇಳಿ. ಬೇ ಏರಿಯಾದಲ್ಲಿ ತಿಂಗಳಿಗೆ ಸಾವಿರ ಡಾಲರ್ ದಾಟುತ್ತದೆ ಅಂತಲೇ ಲೆಕ್ಕ ಹಾಕಿ. ತುಂಬಾ ಕಡೆ 10 ವರ್ಷಕ್ಕಿಂತ ಹಳೆಯ ಗಾಡಿಯನ್ನು ಒಳಗೆ ಬಿಡುವುದಿಲ್ಲ, ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಇದನ್ನು ಮರೆಯಬಾರದು.

ಅಡುಗೆ ವಿಷಯ. ಪಾರ್ಕಿನಲ್ಲಿ ಕೊಡುವ 30 ಆಂಪ್ ಕರೆಂಟ್ ಕನೆಕ್ಷನ್ ಅಂದರೆ ಒಟ್ಟು 3,600 ವ್ಯಾಟ್. ಇಂಡಕ್ಷನ್ 1,800, ಮೇಲಿನ ಎಸಿ 1,500 ಹತ್ತಿರ, ಅದರ ಜೊತೆ ಗೀಸರ್ ಹಾಕಿದಿರೋ, ಬ್ರೇಕರ್ ಟಪ್ ಅಂತ ಬಿತ್ತು. ಕತ್ತಲಲ್ಲಿ ಅರ್ಧ ಬೆಂದ ಬೇಳೆ ಮುಂದೆ ನಿಲ್ಲಬೇಕು. ಗ್ಯಾಸ್ ಒಲೆಯ ಮೇಲೆ ಕುಕ್ಕರ್ ಇಡಿ. ಒಗ್ಗರಣೆ ಹಾಕುವಾಗ ಮೇಲಿನ ಫ್ಯಾನ್ ಪೂರ್ತಿ ಓಡಲಿ, ಕಿಟಕಿಯೂ ತೆಗೆದಿರಲಿ. ಇಲ್ಲದಿದ್ದರೆ ಒಣಮೆಣಸಿನಕಾಯಿ ಸಿಡಿಯುವಷ್ಟರಲ್ಲಿ ಸ್ಮೋಕ್ ಅಲಾರಂ ಹೊಡೆದುಕೊಳ್ಳುತ್ತದೆ, ಇಂಗಿನ ವಾಸನೆ ಹಾಸಿಗೆಗೆ ಹತ್ತಿದರೆ ವಾರವಾದರೂ ಹೋಗುವುದಿಲ್ಲ. ಸಾರು ಮನೆಯಿಂದ ಡಬ್ಬಿಯಲ್ಲಿ ತಂದು ಅನ್ನ ಮಾತ್ರ ಮಾಡಿಕೊಂಡರೆ ಇನ್ನೂ ಸುಲಭ.

ಟಾಯ್ಲೆಟ್ ಟ್ಯಾಂಕಿನ ವಾಲ್ವ್ ಸದಾ ತೆರೆದಿಡಬೇಡಿ. ನೀರು ಹರಿದುಹೋಗಿ ಗಟ್ಟಿಯಾದದ್ದು ತಳದಲ್ಲೇ ಗುಡ್ಡೆಯಾಗುತ್ತದೆ. ಮುಕ್ಕಾಲು ತುಂಬಿದ ಮೇಲೆ ಅದನ್ನು ಮೊದಲು ಬಿಡಿ, ಹಿಂದೆಯೇ ಸ್ನಾನ ಮತ್ತು ಸಿಂಕಿನ ನೀರಿನ ಟ್ಯಾಂಕ್ ಬಿಡಿ, ಆ ಸೋಪಿನ ನೀರು ಪೈಪ್ ತೊಳೆದುಕೊಂಡು ಹೋಗುತ್ತದೆ. ಆಫೀಸಿನಲ್ಲಿ ಜಿಮ್, ಶವರ್ ಇದ್ದರೆ ಅದನ್ನೇ ಬಳಸಿ. ಟ್ಯಾಂಕ್ ಖಾಲಿ ಮಾಡುವ ಕೆಲಸ ಅಪರೂಪಕ್ಕೆ ಬಂದಷ್ಟೂ ಒಳ್ಳೆಯದು!

ಲೆಕ್ಕದ ಪುಸ್ತಕ

ಟ್ಯಾಕ್ಸ್ ಬಗ್ಗೆ ಯಾರೂ ಹೇಳಲಿಲ್ಲ. ಐಆರ್‌ಎಸ್ (ಅಮೆರಿಕದ ತೆರಿಗೆ ಇಲಾಖೆ) ಕಣ್ಣಿಗೆ ನಿಮ್ಮ ಟ್ಯಾಕ್ಸ್ ಹೋಮ್ ಅಂದರೆ ನೀವು ಕಾಯಂ ಕೆಲಸ ಮಾಡುವ ಜಾಗ, ಹೆಂಡತಿ ಮಕ್ಕಳಿರುವ ಜಾಗವಲ್ಲ. ಆಫೀಸ್ ಸನ್ನಿವೇಲ್ ಆದರೆ ಅಲ್ಲಿ ಮಲಗಿದ್ದು ನಿಮ್ಮ ಸ್ವಂತ ಖರ್ಚು. ಅಲ್ಲದೆ ಡಬ್ಲ್ಯೂ-2 ನೌಕರರು, ಅಂದರೆ ಕಂಪನಿಯ ಸಂಬಳದವರು, ತಮ್ಮ ಕೆಲಸದ ಖರ್ಚನ್ನು ಫೆಡರಲ್ ರಿಟರ್ನ್‌ನಲ್ಲಿ ಕಳೆಯುವ ಅವಕಾಶ 2018ರಿಂದಲೇ ಇಲ್ಲ. ನರ್ಸಮ್ಮನವರ ಲೆಕ್ಕ ಬೇರೆ. ಒಂದು ವರ್ಷದೊಳಗಿನ ತಾತ್ಕಾಲಿಕ ಕೆಲಸ, ಜೊತೆಗೆ ಊರಲ್ಲಿ ನಿಜವಾಗಿಯೂ ಖರ್ಚಿರುವ ಒಂದು ಮನೆ ಇದ್ದರೆ ವಸತಿಗೆ ಏಜೆನ್ಸಿ ಕೊಡುವ ದುಡ್ಡಿಗೆ ಟ್ಯಾಕ್ಸ್ ಬೀಳುವುದಿಲ್ಲ.

ನಿಮಗೆ ಒಂದು ಸಣ್ಣ ದಾರಿ ಇದೆ. ಮಲಗುವ ಜಾಗ, ಅಡುಗೆ, ಟಾಯ್ಲೆಟ್ ಮೂರೂ ಇರುವ ಆರ್‌ವಿಯನ್ನು ಎರಡನೇ ಮನೆ ಅಂತ ತೋರಿಸಬಹುದು. ಅದರ ಮೇಲೆಯೇ ಸಾಲ ಮಾಡಿ, ಹೇಗೂ ಐಟಮೈಸ್ ಮಾಡುತ್ತಿದ್ದರೆ (ಕಳೆಯುವ ಖರ್ಚನ್ನೆಲ್ಲ ಒಂದೊಂದಾಗಿ ಪಟ್ಟಿ ಮಾಡುತ್ತಿದ್ದರೆ) ಬಡ್ಡಿ ಕಳೆಯಬಹುದು. ಆ ಬಡ್ಡಿಯ ಆಸೆಗೆ ಸಾಲ ಮಾಡಬೇಡಿ ಮತ್ತೆ.

ಫೋಲ್ಸಮ್ ವಾಸಿ

ಎಲ್ಲರಿಗೂ ಥ್ಯಾಂಕ್ಸ್. ಆಫೀಸಿನಲ್ಲಿ ಗ್ಯಾರೇಜೇ ಇರುವುದು, ಹಾಗಾಗಿ ವ್ಯಾನ್ ಲಿಸ್ಟಿನಿಂದ ಹೊರಗೆ. ನಾಳೆ ಪ್ಲೆಸಂಟನ್‌ಗೆ ಫೋನ್ ಮಾಡುತ್ತೇನೆ. ಜಾಗ ಇದೆ ಅಂದರೆ ಟ್ರೇಲರ್, ಇಲ್ಲ ಅಂದರೆ ಫ್ರೀಮಾಂಟ್ ರೂಮ್. ಮೇಡಂ, ಶುಕ್ರವಾರದಿಂದ ಸೋಮವಾರದವರೆಗೆ ಖಾಲಿ ಬಿದ್ದಿರುವಾಗ ಏನಾದರೂ ನೋಡಿಕೊಳ್ಳಬೇಕಾ?

ಮೈಸೂರು ನರ್ಸಮ್ಮ

ಹೊರಡುವಾಗ ಗ್ಯಾಸ್ ಸಿಲಿಂಡರ್ ವಾಲ್ವ್ ಮತ್ತು ಹೊರಗಿನ ನೀರಿನ ನಲ್ಲಿ ಎರಡನ್ನೂ ಬಂದ್ ಮಾಡಿ. ನೀರು ಬಿಟ್ಟು ಹೋದರೆ ಒಳಗೆ ಪೈಪ್ ಸೋರಿದರೂ ನಾಲ್ಕು ದಿನ ಯಾರಿಗೂ ಗೊತ್ತಾಗುವುದಿಲ್ಲ, ನೆಲದ ಹಲಗೆ ಕೊಳೆತುಹೋಗುತ್ತದೆ. ಮಳೆಗಾಲಕ್ಕೆ ಮುಂಚೆ ಏಣಿ ಹಾಕಿ ಮೇಲ್ಛಾವಣಿಯ ಸಂದುಗಳನ್ನು ನೋಡಿ, ಬಿರುಕು ಕಂಡರೆ ಸೀಲೆಂಟ್ ಹಾಕಿ. ಅಕ್ಕಿ ಬೇಳೆ ಎಲ್ಲಾ ಸ್ಟೀಲ್ ಡಬ್ಬಿಯಲ್ಲಿಡಿ, ಇಲಿ ಬರುತ್ತದೆ.