ಬಂದ್, ಮುಷ್ಕರ, ಯುದ್ಧದ ಸುದ್ದಿ: ಐದು ಜನರ ಮನೆಗೆ ಒಂದು ತಿಂಗಳ ದಿನಸಿ ಲೆಕ್ಕ ಹೇಗೆ?

ದಿನಸಿಚೀಟಿ:
ಬೆಂಗಳೂರಿನಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ. ನಾವಿಬ್ಬರು, ಅತ್ತೆ, ಮಾವ, ಆರು ವರ್ಷದ ಮಗು. ಮಧ್ಯಾಹ್ನ ಅನ್ನ, ರಾತ್ರಿ ಮುದ್ದೆ ಅಥವಾ ಚಪಾತಿ. ಪರಿಸ್ಥಿತಿ ಕೆಟ್ಟು ಅಂಗಡಿಗೆ ಸರಕು ಬರದಿದ್ದರೂ ಒಂದು ತಿಂಗಳು ನಡೆಯುವಷ್ಟು ಸಾಮಾನು ಇಡಬೇಕು. ಯಾವುದು ಎಷ್ಟು ಬೇಕು? ಹುಳ ಬೀಳದ ಹಾಗೆ ಇಡುವುದು ಹೇಗೆ? ಅಡುಗೆಮನೆ ಚಿಕ್ಕದು, ಉಗ್ರಾಣ ಇಲ್ಲ.

ಕಣಜ:
ಮೇಡಂ, ಮೊದಲು ಯಾವುದು ನಿಲ್ಲುತ್ತದೆ ಅನ್ನುವುದನ್ನು ನೋಡಿ. ನಮ್ಮಲ್ಲಿ ಅಕ್ಕಿ, ರಾಗಿಯೇ ಇಲ್ಲವಾಗುವ ಸಂಭವ ಕಡಿಮೆ. 2025ರ ಮೇ ತಿಂಗಳಲ್ಲಿ ಗಡಿಯಲ್ಲಿ ಸಂಘರ್ಷ ನಡೆದಾಗಲೂ ಆಹಾರ ಸಚಿವ ಪ್ರಲ್ಹಾದ ಜೋಶಿ ದೇಶದಲ್ಲಿ ಬೇಕಾದಷ್ಟು ದಾಸ್ತಾನಿದೆ ಎಂದೇ ಹೇಳಿದ್ದರು. ತೊಂದರೆ ಆಗುವುದು ಸಾಗಣೆಗೆ. 2016ರ ಸೆಪ್ಟೆಂಬರ್ 12ರಂದು ಕಾವೇರಿ ಗಲಭೆಗೆ ಬೆಂಗಳೂರಿನ 16 ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ ಬಿತ್ತು. 2020ರ ಮಾರ್ಚ್ 24ರ ರಾತ್ರಿ ಎಂಟಕ್ಕೆ ಲಾಕ್‌ಡೌನ್ ಘೋಷಣೆಯಾಗಿ ಮಧ್ಯರಾತ್ರಿಯಿಂದಲೇ ಜಾರಿಗೆ ಬಂತು. ಎರಡೂ ಸಲ ಕೊಳ್ಳಲು ಸಿಕ್ಕ ಸಮಯ ಕೆಲವೇ ಗಂಟೆ.

ಹೊರದೇಶವನ್ನು ನೆಚ್ಚಿಕೊಂಡ ಸಾಮಾನಿನ ಕಥೆ ಬೇರೆ. ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಆಮದು. 2022ರಲ್ಲಿ ಉಕ್ರೇನ್ ಯುದ್ಧದಿಂದ ಸೂರ್ಯಕಾಂತಿ ಎಣ್ಣೆ ತುಟ್ಟಿಯಾಯಿತು. ಅದರ ಬೆನ್ನಿಗೇ ಏಪ್ರಿಲ್ 28ರಿಂದ ಇಂಡೊನೇಷ್ಯಾ ಸುಮಾರು ಮೂರೂವರೆ ವಾರ ತಾಳೆಎಣ್ಣೆ ರಫ್ತು ನಿಲ್ಲಿಸಿತು. ಕಲಬುರಗಿಯಲ್ಲಿ ಎಷ್ಟೇ ತೊಗರಿ ಬೆಳೆದರೂ ದೇಶಕ್ಕೆ ಸಾಲದೆ ಮ್ಯಾನ್ಮಾರ್, ಮೊಜಾಂಬಿಕ್‌ನಿಂದ ತರಿಸುತ್ತಾರೆ. ಹಾಗಾಗಿ ಎಣ್ಣೆ, ತೊಗರಿಬೇಳೆ ಮೊದಲು ತುಂಬಿಸಿ. ಅಕ್ಕಿ ಆಮೇಲೆ.

ನಿಮ್ಮ ಮನೆಗೆ ಒಂದು ತಿಂಗಳಿಗೆ: ಅಕ್ಕಿ 20 ಕೆಜಿ, ರಾಗಿ 10, ಗೋಧಿ ಹಿಟ್ಟು 6, ಅವಲಕ್ಕಿ ಮತ್ತು ರವೆ ಸೇರಿ 5. ತೊಗರಿಬೇಳೆ 4, ಹೆಸರುಬೇಳೆ 2, ಹುರುಳಿ, ಅಲಸಂದೆ, ಕಡಲೆ ಸೇರಿ 3. ಎಣ್ಣೆ 5 ಲೀಟರ್. ಬೆಲ್ಲ, ಸಕ್ಕರೆ ಸೇರಿ 4 ಕೆಜಿ, ಕಡಲೆಬೀಜ 2, ಹುರಿಗಡಲೆ 1, ಉಪ್ಪು 2. ಹುಣಸೆಹಣ್ಣು ಮುಕ್ಕಾಲು ಕೆಜಿ, ಒಣಮೆಣಸಿನಕಾಯಿ, ಕೊತ್ತಂಬರಿ ಬೀಜ ಅರ್ಧರ್ಧ ಕೆಜಿ. ಇಷ್ಟರಿಂದ ತಲೆಗೆ ದಿನಕ್ಕೆ ಸುಮಾರು 1,600 ಕ್ಯಾಲೊರಿ ಸಿಗುತ್ತದೆ. ಉಳಿದದ್ದು ಹಾಲು, ತೆಂಗಿನಕಾಯಿ, ತರಕಾರಿಯಿಂದ ಬರಬೇಕು. ಈಗಿನ ತಿಂಗಳ ಚೀಟಿಗಿಂತ ಇದು ಹೆಚ್ಚು ಅನ್ನಿಸಬಹುದು. ಹೋಟೆಲ್, ಬೇಕರಿ, ತರಕಾರಿ ಇಲ್ಲದಾಗ ಅನ್ನ, ಮುದ್ದೆಯ ಖರ್ಚು ಏರುತ್ತದೆ, ಚೀಟಿಯಲ್ಲಿ ಅದು ಕಾಣುವುದಿಲ್ಲ.

ಒಂದೇ ದಿನ ತರಬೇಡಿ. ತಿಂಗಳ ಸಾಮಾನಿನ ಜೊತೆ ಪ್ರತಿ ವಾರ ಎರಡು ಬಗೆ ಹೆಚ್ಚಿಗೆ ತಂದರೆ ಎರಡು ತಿಂಗಳಲ್ಲಿ ತುಂಬುತ್ತದೆ. ಮನೆಯಲ್ಲಿ ಯಾರೂ ತಿನ್ನದ್ದನ್ನು ‘ಆಪತ್ತಿಗೆ’ ಅಂತ ಇಡಬೇಡಿ. ಮಗು ಓಟ್ಸ್ ಮುಟ್ಟದಿದ್ದರೆ ಆಪತ್ತಿನಲ್ಲೂ ಮುಟ್ಟುವುದಿಲ್ಲ.

ಹಗೇವು:
ಹುಳದ ವಿಷಯ ನಾನು ಹೇಳುತ್ತೇನೆ. ಅಕ್ಕಿಯ ಮೂತಿಹುಳ ನಿಮ್ಮ ಡಬ್ಬಕ್ಕೆ ಹೊರಗಿಂದ ಹಾರಿ ಬರುವುದು ಅಪರೂಪ. ಅದರ ಮೊಟ್ಟೆ ಕಾಳಿನೊಳಗೇ ಇದ್ದು ಅಂಗಡಿಯಿಂದಲೇ ಬರುತ್ತದೆ. ನಮ್ಮ ಸೆಕೆಗೆ ಐದು ವಾರದ ಆಸುಪಾಸಿನಲ್ಲಿ ಹುಳವಾಗಿ ಹೊರಬೀಳುತ್ತದೆ. ತಂದಾಗ ಚೆನ್ನಾಗಿದ್ದ ಚೀಲ ಮುಂದಿನ ತಿಂಗಳು ಹುಳವಾಗುವುದು ಇದಕ್ಕೇ. ಬೇವಿನ ಸೊಪ್ಪು ಹೊಸ ಹುಳವನ್ನು ದೂರ ಇಟ್ಟೀತು, ಕಾಳಿನೊಳಗಿನ ಮೊಟ್ಟೆಯನ್ನು ಕೊಲ್ಲುವುದಿಲ್ಲ. ಹಸಿ ಸೊಪ್ಪಂತೂ ಹಾಕಲೇಬೇಡಿ, ಅದರ ತೇವಕ್ಕೆ ಬೂಷ್ಟು ಹಿಡಿಯುತ್ತದೆ.

ಮೊಟ್ಟೆ ಸಾಯಬೇಕಾದರೆ ಫ್ರೀಜರ್. ಎರಡೆರಡು ಕೆಜಿ ಕವರ್ ಮಾಡಿ, ಬಾಯಿ ಬಿಗಿದು, ಮೈನಸ್ 18 ಡಿಗ್ರಿಯಲ್ಲಿ ನಾಲ್ಕು ದಿನ ಇಡಿ. ಹೊರಗೆ ತೆಗೆದ ಮೇಲೆ ಪೂರ್ತಿ ಬೆಚ್ಚಗಾಗುವವರೆಗೆ ಕವರ್ ಬಿಚ್ಚಬೇಡಿ. ಆತುರಕ್ಕೆ ಬಿಚ್ಚಿದರೆ ತಣ್ಣನೆಯ ಕಾಳಿನ ಮೇಲೆ ನೀರು ಕೂತು, ಹುಳದ ಬದಲು ಬೂಷ್ಟು ಬರುತ್ತದೆ. ಗೋಧಿ ಹಿಟ್ಟಿಗೂ ಇದೇ. ರವೆಯನ್ನು ಸಣ್ಣ ಉರಿಯಲ್ಲಿ ಹುರಿದು, ತಟ್ಟೆಯಲ್ಲಿ ಹರವಿ, ಪೂರಾ ಆರಿದ ಮೇಲೆ ಡಬ್ಬಕ್ಕೆ ಹಾಕಿ.

ತೊಗರಿಬೇಳೆ, ಹುರುಳಿ, ಅಲಸಂದೆಗೆ ಹರಳೆಣ್ಣೆ: ಕೆಜಿಗೆ ಒಂದು ಟೀ ಚಮಚ, ಕೈಯಲ್ಲಿ ಉಜ್ಜಿ ಪ್ರತಿ ಕಾಳಿಗೂ ತಾಗಬೇಕು. ಕಾಳಿನ ಹುಳ ಮೊಟ್ಟೆ ಇಡುವುದು ಸಿಪ್ಪೆಯ ಮೇಲೆ, ಅದಕ್ಕೇ ಅಲ್ಲಿ ಎಣ್ಣೆ ಕೆಲಸ ಮಾಡುತ್ತದೆ. ಬೇಯಿಸುವ ಮುಂಚೆ ಬಿಸಿನೀರಿನಲ್ಲಿ ಎರಡು ಸಲ ತೊಳೆದರೆ ಸಾಕು.

ಅಕ್ಕಿಯನ್ನು ಸುಡುಬಿಸಿಲಿಗೆ ಹಾಕಬೇಡಿ, ಕಾಳು ಬಿರಿದು ನುಚ್ಚಾಗುತ್ತದೆ. ನೆರಳಲ್ಲಿ ಆರಿಸಿ. 20 ಲೀಟರ್ ಡಬ್ಬದಲ್ಲಿ ಹೆಚ್ಚೂಕಡಿಮೆ 16 ಕೆಜಿ ಅಕ್ಕಿ ಹಿಡಿಯುತ್ತದೆ. ತಲೆಯವರೆಗೆ ತುಂಬಿ, ಒಳಗೆ ಗಾಳಿ ಕಡಿಮೆಯಿದ್ದಷ್ಟೂ ಒಳ್ಳೆಯದು. ಜಾಗ ಇಲ್ಲ ಅಂದಿರಿ, ಮಂಚದ ಕೆಳಗೆ ಹಲಗೆಯ ಮೇಲೆ ಇಡಬಹುದು, ನೆಲಕ್ಕೂ ಗೋಡೆಗೂ ತಾಗದಿರಲಿ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಗೋದಾಮಿನಲ್ಲಿ ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ಯಾರು ಕೊಟ್ಟರೂ ಮನೆಯೊಳಗೆ ತರಬೇಡಿ. ಅದು ಬಿಡುವ ಫಾಸ್ಫೀನ್ ಅನಿಲಕ್ಕೆ ಮಲಗಿದ್ದಲ್ಲೇ ಜೀವ ಹೋಗುತ್ತದೆ.

ದಿನಸಿಚೀಟಿ:
ತುಂಬಾ ಉಪಯೋಗವಾಯಿತು. ರಾಗಿಯನ್ನು ಹಿಟ್ಟು ಮಾಡಿಸಿ ಇಡಲೇ, ಕಾಳಾಗಿಯೇ ಇಡಲೇ?

ಹಗೇವು:
ಕಾಳಾಗಿ. ಹಿಂದೆ ಹಗೇವಿನಲ್ಲಿ, ಅಂದರೆ ಧಾನ್ಯ ತುಂಬಿಡುವ ನೆಲದೊಳಗಿನ ಗುಂಡಿಯಲ್ಲಿ, ರಾಗಿ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ಹಿಟ್ಟು ಒಂದೆರಡು ತಿಂಗಳಿಗೆ ಮುಗ್ಗಲು ವಾಸನೆ ಹಿಡಿಯುತ್ತದೆ. ಆದರೆ ಕರ್ಫ್ಯೂ ಬಿದ್ದರೆ ಹಿಟ್ಟಿನ ಗಿರಣಿಯೂ ಮುಚ್ಚಿರುತ್ತದೆ. ಆದ್ದರಿಂದ ಎರಡು ವಾರದ ಹಿಟ್ಟು ಸದಾ ಕೈಯಲ್ಲಿರಲಿ, ಉಳಿದದ್ದು ಕಾಳು. ಗಿರಣಿಯಿಂದ ಬಂದ ಹಿಟ್ಟು ಬಿಸಿ ಇರುತ್ತದೆ, ಹರವಿ ಆರಿಸದೆ ಡಬ್ಬಕ್ಕೆ ಹಾಕಿದರೆ ಗಂಟು ಕಟ್ಟುತ್ತದೆ. ಗಿರಣಿ ಸಿಗದಿದ್ದರೆ ರಾತ್ರಿ ನೆನೆಸಿ ಮಿಕ್ಸಿಯಲ್ಲಿ ರುಬ್ಬಿ, ದೋಸೆಗೂ ಅಂಬಲಿಗೂ ಆಗುತ್ತದೆ.

ಒಲೆಉರಿ:
ಎಲ್ಲರೂ ಅಕ್ಕಿ ಬೇಳೆ ಹೇಳಿದಿರಿ, ಬೇಯಿಸುವುದು ಯಾವುದರಲ್ಲಿ? ಗ್ಯಾಸ್ ಮುಗಿದರೆ 20 ಕೆಜಿ ಅಕ್ಕಿ ಇದ್ದೂ ಉಪವಾಸ. ಎರಡನೇ ಸಿಲಿಂಡರ್ ಇಲ್ಲದಿದ್ದರೆ ಇಂದೇ ಅರ್ಜಿ ಹಾಕಿ. ಇದ್ದರೆ ಒಂದು ಖಾಲಿಯಾದ ದಿನವೇ ಬುಕ್ ಮಾಡಿ. ಎಷ್ಟು ಉಳಿದಿದೆ ಎಂದು ತಿಳಿಯಲು ತೂಕ ಮಾಡಿ: ಸಿಲಿಂಡರ್ ಮೇಲೆ ಬರೆದ ಖಾಲಿ ತೂಕ ಕಳೆದರೆ ಉಳಿದದ್ದು ಗ್ಯಾಸ್, ತುಂಬಿದಾಗ 14.2 ಕೆಜಿ. ಹೆಚ್ಚುವರಿ ಸಿಲಿಂಡರನ್ನು ನೆಟ್ಟಗೆ, ಮುಚ್ಚಳ ಹಾಕಿ, ಗಾಳಿಯಾಡುವ ಕಡೆ ಇಡಿ. ಈ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ನಿಲ್ಲುತ್ತದೆ. ಮುಚ್ಚಿದ ಕಪಾಟು ಬೇಡ.

ಕಾಳನ್ನು ಎಂಟು ಗಂಟೆ, ಅಕ್ಕಿಯನ್ನು ಅರ್ಧ ಗಂಟೆ ನೆನೆಸಿದರೆ ಗ್ಯಾಸ್ ಉಳಿಯುತ್ತದೆ. ಕುಚ್ಚಲಕ್ಕಿ ಹೆಚ್ಚು ಗ್ಯಾಸ್ ತಿನ್ನುತ್ತದೆ, ಅದನ್ನೇ ನೆಚ್ಚಿಕೊಳ್ಳಬೇಡಿ. ಇಂಡಕ್ಷನ್ ಒಲೆ ಇರಲಿ, ಆದರೆ ಅದು ಎಳೆಯುವುದು 2,000 ವ್ಯಾಟ್‌ವರೆಗೆ. ಮನೆಯ ಸಾಮಾನ್ಯ ಇನ್ವರ್ಟರ್ ಅದನ್ನು ತಡೆಯುವುದಿಲ್ಲ. ಒಲೆ ಹಚ್ಚದೆ ತಿನ್ನುವುದಕ್ಕೆ ಮೂರು ದಿನಕ್ಕಾಗುವಷ್ಟು ಬೇರೆ ಎತ್ತಿಡಿ: ತೆಳು ಅವಲಕ್ಕಿ, ರಾಗಿ ಹುರಿಹಿಟ್ಟು, ಬೆಲ್ಲ, ಹುರಿಗಡಲೆ.

ಕುಡಿಯಲು ಮತ್ತು ಅಡುಗೆಗೆ ತಲೆಗೆ ದಿನಕ್ಕೆ 4 ಲೀಟರ್ ನೀರು ಲೆಕ್ಕ ಹಾಕಿ. ಐದು ಜನಕ್ಕೆ ದಿನಕ್ಕೊಂದು 20 ಲೀಟರ್ ಕ್ಯಾನ್. ಮೂರು ಕ್ಯಾನ್ ಸದಾ ತುಂಬಿರಲಿ. ಅತ್ತೆ ಮಾವನವರ ಬಿಪಿ, ಶುಗರ್ ಮಾತ್ರೆ ಒಂದು ತಿಂಗಳಿನದು ಹೆಚ್ಚಿಗೆ ಇರಲಿ. ಇಂಟರ್‌ನೆಟ್ ನಿಂತರೆ ಫೋನ್ ಪಾವತಿಯೂ ನಿಲ್ಲುತ್ತದೆ, ಮನೆಯಲ್ಲಿ 50, 100ರ ನೋಟುಗಳಿರಲಿ.

ಕಣಜ:
ಒಲೆಉರಿಯವರು ಹೇಳಿದ್ದು ಸರಿ, ಗ್ಯಾಸನ್ನು ನಾನೇ ಮೊದಲು ಬರೆಯಬೇಕಿತ್ತು.

ತರಕಾರಿ ಬಗ್ಗೆ ಎರಡು ಮಾತು. ಫ್ರಿಜ್ ನಂಬಬೇಡಿ. ಬೂದುಗುಂಬಳ, ಸಿಹಿಗುಂಬಳ, ಮಂಗಳೂರು ಸೌತೆ, ಸುವರ್ಣಗಡ್ಡೆ ಫ್ರಿಜ್ ಇಲ್ಲದೆ ತಿಂಗಳುಗಟ್ಟಲೆ ಇರುತ್ತವೆ. ಕುಂಬಳ ತೊಟ್ಟಿನ ಸಮೇತ ಇರಲಿ, ತೊಟ್ಟು ಮುರಿದಲ್ಲೇ ಕೊಳೆ ಶುರುವಾಗುತ್ತದೆ. ಸೌತೆಕಾಯಿಯನ್ನು ಕರಾವಳಿಯಲ್ಲಿ ಬಾಳೆನಾರಿನಲ್ಲಿ ಕಟ್ಟಿ ತೂಗುಹಾಕುವುದು ಒಂದಕ್ಕೊಂದು ತಾಗದಿರಲಿ ಅಂತ. ಈರುಳ್ಳಿ, ಆಲೂಗಡ್ಡೆ ಒಂದೇ ಬುಟ್ಟಿಯಲ್ಲಿ ಬೇಡ, ಎರಡೂ ಬೇಗ ಕೆಡುತ್ತವೆ. ಹಾಲು ಬಂದ್ ದಿನವೂ ಸಾಮಾನ್ಯವಾಗಿ ಬರುತ್ತದೆ, ಆದರೂ ಮಗುವಿಗೆ ಅರ್ಧ ಕೆಜಿ ಹಾಲಿನ ಪುಡಿ ಇಡಿ. ಅದರಿಂದ ನಾಲ್ಕು ಲೀಟರ್ ಹಾಲಾಗುತ್ತದೆ.

ಎಣ್ಣೆಯನ್ನು ದೊಡ್ಡ ಡಬ್ಬಿಯಲ್ಲಿ ತರದೆ ಒಂದೊಂದು ಲೀಟರ್ ಪ್ಯಾಕೆಟ್ ತನ್ನಿ. ಒಡೆದ ಎಣ್ಣೆಗೆ ಗಾಳಿ, ಬೆಳಕು ತಾಗಿದ ದಿನದಿಂದ ಕಮಟು ಶುರು. ಪ್ರತಿ ಪ್ಯಾಕೆಟ್, ಡಬ್ಬದ ಮೇಲೆ ತಂದ ತಿಂಗಳು ಬರೆದು ಅಂಟಿಸಿ, ಹೊಸದನ್ನು ಹಿಂದೆ, ಹಳೆಯದನ್ನು ಮುಂದೆ ಇಡಿ. ಹುಣಸೆಹಣ್ಣು, ಉಪ್ಪು ಮಾತ್ರ ಸ್ಟೀಲ್ ಡಬ್ಬದಲ್ಲಿ ಬೇಡ, ತಳ ತೂತಾಗುತ್ತದೆ. ಗಾಜಿನದ್ದೋ ಪಿಂಗಾಣಿಯದ್ದೋ ಜಾಡಿ ನೋಡಿ.