ಮುಖದಲ್ಲಿ ಹೊಟ್ಟು, ಕಪ್ಪು ಕಲೆ, ತಲೆಹೊಟ್ಟು, ಕೂದಲುದುರುವಿಕೆ: ಅನುಭವವಿದ್ದವರು ತಿಳಿಸಿ

ಕೋರಿಕೆ, ದಾವಣಗೆರೆಯಿಂದ

ನನಗೆ 31 ವರ್ಷ. ಒಂದೂವರೆ ವರ್ಷದಿಂದ ಮೂಗಿನ ಎರಡೂ ಬದಿಯಲ್ಲಿ ಮತ್ತು ಹುಬ್ಬುಗಳ ನಡುವೆ ಚರ್ಮ ಕೆಂಪಗಾಗಿ ಹೊಟ್ಟಿನಂತೆ ಏಳುತ್ತಿದೆ. ಅದು ಮಾಸಿದ ಕಡೆ ಕಪ್ಪು ಕಲೆ ಉಳಿಯುತ್ತಿದೆ. ತಲೆಹೊಟ್ಟು ಮೊದಲಿನಿಂದಲೂ ಇತ್ತು, ಈಗ ಬಾಚಿದಾಗಲೆಲ್ಲ ಹಣಿಗೆಯ ತುಂಬ ಕೂದಲು ಬರುತ್ತದೆ. ಮುಖ ಒಣಗಿದೆಯೆಂದು ರಾತ್ರಿ ಕೊಬ್ಬರಿ ಎಣ್ಣೆ ಹಚ್ಚುತ್ತೇನೆ. ಔಷಧದ ಅಂಗಡಿಯವರು ಕೊಟ್ಟ ಕ್ರೀಮಿನಿಂದ ನಾಲ್ಕು ದಿನ ಚೆನ್ನಾಗಿದ್ದು ಮತ್ತೆ ಹೆಚ್ಚಾಯಿತು. ನಾಲ್ಕು ತೊಂದರೆಗೂ ಬೇರೆ ಬೇರೆ ಮದ್ದು ಮಾಡಬೇಕೇ?

ಉತ್ತರ, ಮೈಸೂರಿನಿಂದ

ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ನಾನು ಹಲವು ವರ್ಷ ಎಡವಿದ್ದು ಅಲ್ಲಿಯೇ. ಮುಖಕ್ಕೊಂದು ಡಬ್ಬಿ, ತಲೆಗೊಂದು ಬಾಟಲಿ ಇಟ್ಟುಕೊಂಡು, ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿದೆಯೆಂದು ಯೋಚಿಸಿಯೇ ಇರಲಿಲ್ಲ. ಕೊನೆಗೆ ಹೋದ ಚರ್ಮರೋಗ ತಜ್ಞೆ ನನ್ನ ಮುಖ ನೋಡುವ ಮೊದಲು ಕಿವಿಯನ್ನು ಮುಂದಕ್ಕೆ ಮಡಚಿ ಅದರ ಹಿಂಭಾಗವನ್ನು ನೋಡಿದರು, ಬಳಿಕ ನೆತ್ತಿಯ ಕೂದಲನ್ನು ಸರಿಸಿ ನೋಡಿದರು. ಮುಖದ ಹೊಟ್ಟು, ಕಿವಿಯ ಹಿಂದಿನ ಹೊಟ್ಟು, ತಲೆಹೊಟ್ಟು ಮೂರೂ ಒಂದೇ ತೊಂದರೆಯ ಮೂರು ಜಾಗಗಳೆಂದು ಹೇಳಿ ಚೀಟಿಯಲ್ಲಿ ಸೆಬೊರೀಕ್ ಡರ್ಮಟೈಟಿಸ್ ಎಂದು ಬರೆದರು.

ಮಲಸೀಜಿಯಾ ಎಂಬ ಯೀಸ್ಟ್ ಎಲ್ಲರ ಚರ್ಮದ ಮೇಲೂ ಇರುತ್ತದೆ. ಅದು ತನಗೆ ಬೇಕಾದ ಕೊಬ್ಬಿನಾಮ್ಲವನ್ನು ತಾನೇ ತಯಾರಿಸಿಕೊಳ್ಳಲಾರದು, ಆದ್ದರಿಂದ ಜಿಡ್ಡು ಹೆಚ್ಚು ಸ್ರವಿಸುವ ನೆತ್ತಿ, ಹುಬ್ಬು, ಮೂಗಿನ ಪಕ್ಕ, ಎದೆಯ ನಡುಭಾಗದಲ್ಲಿ ಬೇರೂರುತ್ತದೆ. ಅದು ಜಿಡ್ಡನ್ನು ಒಡೆದಾಗ ಉಳಿಯುವ ಅಂಶಗಳು ಕೆಲವರ ಚರ್ಮವನ್ನು ಕೆರಳಿಸುತ್ತವೆ. ಹಾಗಾಗಿ ನಿಮ್ಮ ಮುಖ ಒಣಗಿದಂತೆ ಕಂಡರೂ ಒಣಗಿರಲಿಕ್ಕಿಲ್ಲ. ಏಳುವ ಹೊಟ್ಟನ್ನು ಎರಡು ಬೆರಳಿನ ನಡುವೆ ಉಜ್ಜಿ ನೋಡಿ. ನನ್ನದು ಪುಡಿಯಾಗುವ ಬದಲು ತುಸು ಹಳದಿಯಾಗಿ ಬೆರಳಿಗೆ ಅಂಟುತ್ತಿತ್ತು. ಮುಖಕ್ಕೆ ಎಣ್ಣೆ ಹಚ್ಚುವುದನ್ನು ಇಂದೇ ನಿಲ್ಲಿಸಿ, ಜಿಡ್ಡಿಲ್ಲದ ಮಾಯಿಶ್ಚರೈಸರ್ ಬಳಸಿ. ತಲೆಗೆ ಎಣ್ಣೆ ಹಚ್ಚುವುದನ್ನು ನಿಲ್ಲಿಸಿದ್ದಕ್ಕೆ ನಮ್ಮ ಅಜ್ಜಿ ಇಂದಿಗೂ ನನ್ನನ್ನು ಕ್ಷಮಿಸಿಲ್ಲ. ದೀಪಾವಳಿಯ ಎಣ್ಣೆಸ್ನಾನವೊಂದನ್ನು ಮಾತ್ರ ಉಳಿಸಿಕೊಂಡು, ಅಂದು ಎಣ್ಣೆಯನ್ನು ಬುಡಕ್ಕೆ ತಿಕ್ಕದೆ ಕೂದಲಿಗಷ್ಟೇ ಸವರಿ ಒಂದು ಗಂಟೆಯೊಳಗೆ ತೊಳೆದುಬಿಡುತ್ತೇನೆ.

ನನಗೆ ಗುಣ ತಂದದ್ದು ಆ ಯೀಸ್ಟನ್ನು ತಗ್ಗಿಸುವ ಶೇ. 2ರ ಕೀಟೋಕೊನಜೋಲ್ ಶಾಂಪೂ. ಅದನ್ನೂ ನಾನು ಮೊದಲೊಮ್ಮೆ ಬಳಸಿ ವ್ಯರ್ಥವೆಂದು ಬಿಸಾಡಿದ್ದೆ, ಏಕೆಂದರೆ ಸಾಮಾನ್ಯ ಶಾಂಪೂವಿನಂತೆ ಹಚ್ಚಿದ ಕೂಡಲೇ ತೊಳೆಯುತ್ತಿದ್ದೆ. ನೆತ್ತಿಗೆ ಬೆರಳ ತುದಿಯಿಂದ ಹಚ್ಚಿ ಐದು ನಿಮಿಷ ಬಿಡಬೇಕು; ಕಣ್ಣು ಮುಚ್ಚಿ ನಿಂತಾಗ ಐದು ನಿಮಿಷವೆಷ್ಟು ದೀರ್ಘವೆಂದು ಗೊತ್ತಾಗುತ್ತದೆ, ಹಾಗಾಗಿ ನಾನು ಆ ಹೊತ್ತಿನಲ್ಲಿ ಬನಿಯನ್ ಒಗೆದುಕೊಳ್ಳುತ್ತೇನೆ. ವೈದ್ಯರ ಸೂಚನೆಯಂತೆ ಅದೇ ನೊರೆಯನ್ನು ಹುಬ್ಬಿಗೂ ಮೂಗಿನ ಪಕ್ಕಕ್ಕೂ ಕಣ್ಣಿಗೆ ತಾಗದಂತೆ ಸವರುತ್ತಿದ್ದೆ. ವಾರಕ್ಕೆರಡು ಬಾರಿಯಂತೆ ನಾಲ್ಕು ವಾರ, ಆಮೇಲೆ ವಾರಕ್ಕೊಮ್ಮೆ. ಇದು ಬೇರುಸಹಿತ ಹೋಗುವ ಕಾಯಿಲೆಯಲ್ಲ; ಚಳಿ ಬಿದ್ದ ಕೂಡಲೇ ಅಥವಾ ನಿದ್ದೆಗೆಟ್ಟ ವಾರಗಳಲ್ಲಿ ಮರಳಿ ಬರುತ್ತದೆ. ಆದರೆ ದಪ್ಪನೆಯ ಬೆಳ್ಳಿಬಣ್ಣದ ಪದರ ಕೂದಲಿನ ಅಂಚನ್ನು ದಾಟಿ ಹಣೆಗೆ ಬಂದಿದ್ದರೆ ಅದು ಸೋರಿಯಾಸಿಸ್ ಎಂಬ ಬೇರೆ ಚರ್ಮರೋಗ ಇರಬಹುದು, ತಜ್ಞರಿಗೆ ತೋರಿಸಿ.

ಉತ್ತರ, ಹುಬ್ಬಳ್ಳಿಯಿಂದ

ಅಕ್ಕಾ, ನಾಲ್ಕೇ ದಿನದಲ್ಲಿ ಚೆನ್ನಾಗಿ ಕಂಡ ಆ ಕ್ರೀಮಿನ ಬಗ್ಗೆಯೇ ನನಗೆ ಆತಂಕ. ಟ್ಯೂಬಿನ ಮೇಲೆ ಸಣ್ಣ ಅಕ್ಷರದಲ್ಲಿ ಬೆಟಾಮೆಥಾಸೋನ್, ಕ್ಲೋಬೆಟಾಸೋಲ್ ಅಥವಾ ಮೊಮೆಟಾಸೋನ್ ಎಂದಿದೆಯೇ ನೋಡಿ. ಇವು ಉರಿಯೂತವನ್ನು ಬೇಗ ಅಡಗಿಸುವ ಸ್ಟೀರಾಯ್ಡುಗಳು. ವೈದ್ಯರು ಸೌಮ್ಯವಾದದ್ದನ್ನು ಕೆಲವೇ ದಿನಗಳಿಗೆ ಬರೆದರೆ ತಪ್ಪಿಲ್ಲ, ಆದರೆ ನಾನು ಬಂಗು ಹೋಗುತ್ತದೆಂದು ಅಂಗಡಿಯವರ ಮಾತಿಗೆ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್ ಮೂರೂ ಬೆರೆತ ಕ್ರೀಮನ್ನು ಎಂಟು ತಿಂಗಳು ಹಚ್ಚಿದೆ. ಮುಖ ಬೆಳ್ಳಗಾಯಿತು, ಮದುವೆ ಮನೆಯಲ್ಲಿ ಎಲ್ಲರೂ ಹೊಗಳಿದರು. ಆಮೇಲೆ ರೊಟ್ಟಿ ಬಡಿಯಲು ಒಲೆಯ ಮುಂದೆ ಕುಳಿತರೆ ಕೆನ್ನೆ ಉರಿಯತೊಡಗಿತು, ಚರ್ಮ ತೆಳುವಾಗಿ ಕೆಂಪು ನೂಲಿನಂಥ ರಕ್ತನಾಳಗಳು ಕಾಣಿಸಿಕೊಂಡವು, ಗಲ್ಲದ ಮೇಲೆ ರೋಮ ಬೆಳೆಯಿತು. ಹಚ್ಚುವುದನ್ನು ಒಮ್ಮೆಲೇ ಬಿಟ್ಟಾಗ ಮೊದಲಿಗಿಂತ ದುಪ್ಪಟ್ಟು ಕೆರಳಿತು. ಹಲವು ಸ್ಟೀರಾಯ್ಡ್ ಕ್ರೀಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಸರ್ಕಾರ 2018ರಲ್ಲೇ ನಿಯಮ ಮಾಡಿದೆ. ನನಗೆ ಆ ಬಳಿಕವೂ ಯಾರೂ ಚೀಟಿ ಕೇಳಲಿಲ್ಲ.

ಕಲೆಯ ವಿಷಯಕ್ಕೆ ಬಂದರೆ, ಹೊಟ್ಟೆದ್ದ ಜಾಗದಲ್ಲೇ ಉಳಿದದ್ದು ಉರಿಯೂತದ ಕಲೆ. ಕೆರಳುವುದು ನಿಂತ ಮೇಲೆ ತಿಂಗಳುಗಟ್ಟಲೆ ಸಮಯ ತೆಗೆದುಕೊಂಡು ತಾನಾಗಿ ತಿಳಿಯಾಗುತ್ತದೆ. ಎರಡೂ ಕೆನ್ನೆಯ ಮೇಲೆ ಹೆಚ್ಚುಕಡಿಮೆ ಸಮನಾಗಿ ಹರಡಿದ್ದರೆ ಅದು ಬಂಗು, ಅದರ ದಾರಿ ಬೇರೆ ಮತ್ತು ಇನ್ನೂ ದೀರ್ಘ. ಎರಡಕ್ಕೂ ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್ ಬೇಕೇ ಬೇಕು. ತೋರುಬೆರಳು, ನಡುಬೆರಳುಗಳ ಉದ್ದಕ್ಕೆ ಎರಡು ಗೆರೆ ಹಿಂಡಿದರೆ ಮುಖ ಕುತ್ತಿಗೆಗೆ ಸಾಕಾಗುತ್ತದೆ. ನಾನು ಕಡಲೆಕಾಳಿನಷ್ಟು ಹಚ್ಚಿ ಉಪಯೋಗವಿಲ್ಲವೆನ್ನುತ್ತಿದ್ದೆ. ಲಿಂಬೆರಸ ಹಚ್ಚಿ ಬಿಸಿಲಿಗೆ ಹೋಗಲೇಬೇಡಿ, ಸುಟ್ಟ ಗಾಯವಾಗಿ ಹೊಸ ಕಲೆ ಬೀಳುತ್ತದೆ.

ಉತ್ತರ, ಬೆಂಗಳೂರಿನಿಂದ

ನಾನು ಕೂದಲಿನ ಬಗ್ಗೆ ಮಾತ್ರ ಬರೆಯುತ್ತೇನೆ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ತಲೆಹೊಟ್ಟಿನ ತುರಿಕೆಯಿಂದ ಒಂದಷ್ಟು ಹೆಚ್ಚಬಹುದಾದರೂ ಹಣಿಗೆ ತುಂಬುವಷ್ಟಿದ್ದರೆ ಎರಡು ಮೂರು ತಿಂಗಳ ಹಿಂದೆ ಏನಾಗಿತ್ತೆಂದು ನೆನಪಿಸಿಕೊಳ್ಳಿ: ಜ್ವರ, ಹೆರಿಗೆ, ಶಸ್ತ್ರಚಿಕಿತ್ಸೆ, ಊಟ ಬಿಟ್ಟು ತೂಕ ಇಳಿಸಿದ್ದು. ನನಗೆ ಜೂನ್‌ನಲ್ಲಿ ಡೆಂಗಿ ಬಂದಿತ್ತು, ಸೆಪ್ಟೆಂಬರಿನಲ್ಲಿ ಕೂದಲು ಹಿಡಿ ಹಿಡಿಯಾಗಿ ಬಂತು. ನಾನು ಬೋರ್‌ವೆಲ್ ನೀರನ್ನು ಶಂಕಿಸಿ, ಕುಡಿಯುವ ನೀರಿನ 20 ಲೀಟರ್ ಕ್ಯಾನಿನಿಂದ ಎರಡು ತಿಂಗಳು ತಲೆ ತೊಳೆದೆ! ಹಿಮೋಗ್ಲೋಬಿನ್ ಸರಿಯಿತ್ತು, ಆದರೆ ದೇಹದಲ್ಲಿ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ತಳ ಮುಟ್ಟಿತ್ತು. ಥೈರಾಯ್ಡನ್ನೂ ಜೊತೆಗೆ ಪರೀಕ್ಷಿಸಿ. ಕೂದಲಿಗೆಂದು ಬಯೋಟಿನ್ ಎಂಬ ವಿಟಮಿನ್ ಮಾತ್ರೆ ನುಂಗುತ್ತಿದ್ದರೆ ರಕ್ತ ಕೊಡುವ ಮೊದಲೇ ವೈದ್ಯರಿಗೆ ತಿಳಿಸಿ, ಅದು ಥೈರಾಯ್ಡ್ ವರದಿಯನ್ನು ತಪ್ಪಾಗಿ ತೋರಿಸಬಲ್ಲದು. ಬೈತಲೆ ವರ್ಷದಿಂದ ವರ್ಷಕ್ಕೆ ಅಗಲವಾಗುತ್ತಿದ್ದರೆ ಮಾತ್ರ ಕೂದಲು ಬೆಳೆಯಲೆಂದು ನೆತ್ತಿಗೆ ಹಚ್ಚುವ ಮಿನಾಕ್ಸಿಡಿಲ್ ಔಷಧದ ಪ್ರಶ್ನೆ ಬರುತ್ತದೆ. ಗರ್ಭಿಣಿಯರು ಅದನ್ನು ಬಳಸುವಂತಿಲ್ಲ.

ಕೋರಿದವರು

ಕಿವಿಯ ಹಿಂದೆ ಕನ್ನಡಿ ಹಿಡಿದು ನೋಡಿಕೊಂಡೆ, ಅಲ್ಲಿಯೂ ಹೊಟ್ಟಿದೆ. ಟ್ಯೂಬಿನ ಮೇಲೆ ಮೊಮೆಟಾಸೋನ್ ಎಂದಿದೆ. ಆಗಾಗ ಬಿಟ್ಟು ಬಿಟ್ಟು ಐದು ತಿಂಗಳು ಹಚ್ಚಿದ್ದೇನೆ. ಇಂದೇ ನಿಲ್ಲಿಸಲೇ?

ಹುಬ್ಬಳ್ಳಿಯಿಂದ

ಐದು ತಿಂಗಳಾಗಿದ್ದರೆ ಹೇಗೆ ಬಿಡಬೇಕೆಂಬುದನ್ನು ಚರ್ಮದ ವೈದ್ಯರೇ ಹೇಳಲಿ, ಈ ವಾರವೇ ಹೋಗಿ. ಟ್ಯೂಬನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ. ನಾನು ಹೆಸರನ್ನು ಬಾಯಲ್ಲಿ ಹೇಳಲು ಹೋಗಿ ಬೇರೆಯದೇ ಕ್ರೀಮಿನ ಹೆಸರು ಹೇಳಿ ಬಂದಿದ್ದೆ.