ಹವಳ ಆರೋಗ್ಯವಾಗಿದೆ ಅಂತ ಹೇಗೆ ಗೊತ್ತಾಗುತ್ತೆ? ದಡದಲ್ಲಿ ಬಿದ್ದಿರೋದನ್ನ ತರಬಹುದಾ?

ಊರೂರು_ಸುತ್ತೋನು:
ಮುಂದಿನ ತಿಂಗಳು ಮನೆಯವರೆಲ್ಲ ಅಂಡಮಾನಿಗೆ ಹೊರಟಿದ್ದೇವೆ. ಹ್ಯಾವ್‌ಲಾಕ್‌ನ ಎಲಿಫೆಂಟ್ ಬೀಚಿನಲ್ಲಿ ಸ್ನಾರ್ಕ್ಲಿಂಗ್ ಮಾಡುವ ಪ್ಲಾನ್ ಇದೆ. ಹೋದ ವರ್ಷ ಮುರ್ಡೇಶ್ವರದಿಂದ ನೇತ್ರಾಣಿಗೆ ಹೋಗಿ ಡೈವ್ ಮಾಡಿದಾಗ ಕಂಡ ಹವಳ ಬರೀ ಕಂದು ಬಣ್ಣ. ಫೋಟೋದಲ್ಲಿ ಬರುವ ಗುಲಾಬಿ, ನೀಲಿ ಯಾವುದೂ ಇಲ್ಲ. ಅದು ಸತ್ತಿತ್ತಾ? ಇನ್ನೊಂದು ವಿಷಯ, ದಡದಲ್ಲಿ ಬಿದ್ದಿರುವ ಬಿಳಿ ತುಂಡು ಒಂದೆರಡು ಮಗಳ ಮೀನಿನ ತೊಟ್ಟಿಗೆ ತರಬಹುದಾ? ಮುರಿದು ತರೋದಲ್ಲ, ಸತ್ತು ಬಿದ್ದಿರೋದು.

ಉಪ್ಪುನೀರು:
ಕಂದು, ಮಾಸಲು ಹಸಿರು, ಇವೇ ಆರೋಗ್ಯದ ಬಣ್ಣ. ಹವಳ ಒಂದು ಪ್ರಾಣಿ, ಅದರ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಇರುತ್ತದೆ, ಬಿಸಿಲಲ್ಲಿ ಆಹಾರ ತಯಾರಿಸಿ ಹವಳಕ್ಕೂ ಕೊಡುತ್ತದೆ, ಆ ಬಣ್ಣ ಹೆಚ್ಚಾಗಿ ಅದರದ್ದೇ. ನೀರು ಜಾಸ್ತಿ ಬಿಸಿಯಾದರೆ ಹವಳ ಪಾಚಿಯನ್ನು ಹೊರಗೆ ಹಾಕುತ್ತದೆ. ಆಗ ಮೈ ಗಾಜಿನಂತಾಗಿ ಒಳಗಿನ ಬಿಳಿ ಅಸ್ಥಿ ಕಾಣುತ್ತದೆ. 1998, 2010, 2016ರಲ್ಲಿ ಲಕ್ಷದ್ವೀಪದಲ್ಲಿ ಆಗಿದ್ದು ಇದೇ, 2024ರಲ್ಲೂ ಮತ್ತೆ ಆಯ್ತು.

ಬೆಳ್ಳಗಾದ ತಕ್ಷಣ ಸತ್ತಿತು ಅಂತಲ್ಲ. ನೀರು ಬೇಗ ತಣ್ಣಗಾದರೆ ಚೇತರಿಸಿಕೊಳ್ಳುತ್ತದೆ. ಸತ್ತ ಮೇಲೆ ಮೇಲೆಲ್ಲ ಬೂದುಹಸಿರು ಪಾಚಿ ನವಿರಾಗಿ ಹತ್ತಿಕೊಳ್ಳುತ್ತದೆ, ಅದನ್ನು ನೋಡಿ. ಕವಲು ಕವಲಾಗಿ ಬೆಳೆಯುವ ಜಾತಿಯಲ್ಲಿ ತುದಿ ಮಾತ್ರ ಬೆಳ್ಳಗಿದ್ದರೆ ಚಿಂತೆ ಬೇಡ, ಅದು ಹೊಸ ಬೆಳವಣಿಗೆ. ಅಲ್ಲಲ್ಲಿ ಬಿಳಿ ಗೀರು ಕಂಡರೆ ಬಹುಶಃ ಗಿಣಿಮೀನು ಕೆರೆದು ತಿಂದಿರುತ್ತದೆ.

ಕಾನೂನು_ಕಟ್ಟೆ:
ತುಂಡು ತರಬೇಡಿ ಸರ್. ಬಂಡೆ ಕಟ್ಟುವ ಹವಳಗಳೆಲ್ಲ 2001ರಿಂದ ವನ್ಯಜೀವಿ ಕಾಯ್ದೆಯ ಮೊದಲ ಶೆಡ್ಯೂಲಿನಲ್ಲಿವೆ, ಹುಲಿ ಇರುವ ಪಟ್ಟಿಯಲ್ಲೇ. ಸತ್ತಿತ್ತು, ಬಿದ್ದಿತ್ತು ಅಂದರೆ ನಡೆಯಲ್ಲ. ತಪ್ಪು ಸಾಬೀತಾದರೆ ಕನಿಷ್ಠ 3 ವರ್ಷ ಜೈಲು, 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ಪೋರ್ಟ್ ಬ್ಲೇರ್ ಏರ್‌ಪೋರ್ಟಿನಲ್ಲಿ ಬ್ಯಾಗ್ ಸ್ಕ್ಯಾನ್ ಆಗುವಾಗ ಸಿಕ್ಕಿಬಿದ್ದರೆ ಮನೆಯವರ ಮುಂದೆ ಮುಜುಗರ ಬೇರೆ.

ತೊಟ್ಟಿ_ಮೀನು:
ಕಾನೂನು ಬಿಡಿ, ಸಿಹಿನೀರಿನ ತೊಟ್ಟಿಗೆ ಅದು ಹೊಂದುವುದೂ ಇಲ್ಲ. ಹವಳ ಅಂದರೆ ಸುಣ್ಣ. ನಿಧಾನಕ್ಕೆ ಕರಗಿ ನೀರು ಗಡಸಾಗುತ್ತದೆ, ಪಿಎಚ್ ಏರುತ್ತದೆ. ಮಗಳ ಹತ್ತಿರ ನಿಯಾನ್ ಟೆಟ್ರಾ ಇದ್ದರೆ ಪಾಪ ಅವಕ್ಕೆ ಕಷ್ಟ. ಅಂಗಡಿಯಲ್ಲಿ ರೆಸಿನ್‌ನಲ್ಲಿ ಮಾಡಿದ ನಕಲಿ ಹವಳ ಸಿಗುತ್ತೆ, ಅದನ್ನೇ ಕೊಡಿಸಿ.

ಬಿಚ್ಚುಮಾತು:
ಬಂದರಿಗೆ ಅಂತ ಸಮುದ್ರಾನೇ ಅಗೆಯುತ್ತಾರೆ, ಕೇಳೋರಿಲ್ಲ. ಮಗು ಆರಿಸಿದ ಒಂದು ತುಂಡಿಗೆ ಇಷ್ಟು ರಾದ್ಧಾಂತನಾ?

ಉಪ್ಪುನೀರು:
ಅಗೆಯೋರನ್ನೂ ಕೇಳಬೇಕು, ಒಪ್ಪಿದೆ. ತೂತ್ತುಕುಡಿ ಕಡೆ ಮನ್ನಾರ್ ಕೊಲ್ಲಿಯಲ್ಲಿ ದಶಕಗಟ್ಟಲೆ ಹವಳ ಅಗೆದು ಸುಣ್ಣಕ್ಕೆ ಹಾಕಿದರು. ಅಲ್ಲಿನ 21 ದ್ವೀಪಗಳಲ್ಲಿ ವಿಲಾಂಗುಚಲ್ಲಿ, ಪೂವರಸನ್‌ಪಟ್ಟಿ ಎರಡೂ ನೀರಿನಡಿ ಹೋದವು. ಅಲೆಯ ಹೊಡೆತ ತಡೆಯೋದು ಹವಳವೇ ಅಲ್ವಾ. ದಡದ ತುಂಡೂ ಸುಮ್ನೆ ಬಿದ್ದಿರಲ್ಲ. ಸವೆದು ಮರಳಾಗುತ್ತದೆ, ಅದರ ಸಂದಿಯಲ್ಲಿ ಏಡಿಮರಿ ಅಡಗಿರುತ್ತದೆ, ಅಲೆಗೆ ವಾಪಸ್ ಒಳಗೆ ಹೋದರೆ ಹೊಸ ಹವಳದ ಮರಿ ಅದರ ಮೇಲೆ ಕೂರಲೂಬಹುದು. ಹ್ಯಾವ್‌ಲಾಕ್‌ಗೆ ಬರುವವರೆಲ್ಲ ತಲೆಗೊಂದು ತುಂಡು ಒಯ್ದರೆ ಲೆಕ್ಕ ಹಾಕಿ ನೋಡಿ.

ಊರೂರು_ಸುತ್ತೋನು:
ಸರಿ, ತುಂಡು ಕೈಬಿಟ್ಟೆ. ನೀರೊಳಗಿನ ಫೋಟೋ ಸಾಕು ಅಂತಾಳೆ ಮಗಳು. ಅವಳಿಗೆ ಈಜು ಅಷ್ಟಾಗಿ ಬರಲ್ಲ, ಹೇಳಿಕೊಡಬೇಕಾದ್ದು ಏನಾದ್ರೂ ಇದೆಯಾ?

ಉಪ್ಪುನೀರು:
ಲೈಫ್ ಜಾಕೆಟ್ ಹಾಕಿಸಿ. ಸುಸ್ತಾದಾಗ ಹವಳದ ಮೇಲೆ ಕಾಲಿಟ್ಟು ನಿಲ್ಲೋದು ಬೇಡ, ಅದೂ ಮುರಿಯುತ್ತೆ, ಕಾಲೂ ಕೊಯ್ಯುತ್ತೆ. ಗೈಡ್ ಹಿಡಿದಿರುವ ಟ್ಯೂಬ್ ಹಿಡಿದುಕೊಳ್ಳಲಿ.